ಹಳೇ ಕಲರ್ ಟಿವಿ ತರಬೇಕಾ, ಅದರ ಫೋಟೋ ಸಾಕಾ?

ಹೋದ ತಿಂಗಳು ಮೂವರು ಮೂರು ಊರಿಂದ ನನಗೆ ಒಂದೇ ಪ್ರಶ್ನೆ ಕೇಳಿದರು. ಅಮೆರಿಕದ ಮೊದಮೊದಲ ಕಲರ್ ಟಿವಿ ಒಂದನ್ನು ಮನೆಗೆ ತರಬೇಕು ಅಂತಿದೆ, ಯಾವುದು ತರಲಿ? ಒಬ್ಬ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಗೆಳೆಯ. ರಿಟೈರ್ ಆಗಿದ್ದಾನೆ, ಬೇಸ್‌ಮೆಂಟ್ ಖಾಲಿ ಇದೆ, ವಾರಕ್ಕೊಮ್ಮೆಯಾದರೂ ಏನನ್ನಾದರೂ ಬಿಚ್ಚಿ ಬೆಸುಗೆ ಹಾಕದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಇನ್ನೊಬ್ಬ ಬಸವನಗುಡಿಯಲ್ಲಿರುವ ನಮ್ಮ ಅಕ್ಕನ ಮಗ. ಎರಡು ರೂಮಿನ ಫ್ಲ್ಯಾಟು, ಮೂರನೇ ಮಹಡಿ. ಮೂರನೆಯವಳು ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆಯಲ್ಲಿರುವ ಮೈಸೂರಿನ ಹುಡುಗಿ. ಡಿಸೈನ್ ಕೆಲಸ ಮಾಡುತ್ತಾಳೆ, ಆ ಕಾಲದ ಮರದ ಕ್ಯಾಬಿನೆಟ್ಟು, ಗುಂಡನೆಯ ಪರದೆ ನೋಡಿ ಮರುಳಾಗಿದ್ದಾಳೆ.

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಬದಲು ಒಟ್ಟಿಗೆ ಬರೆದಿಡೋಣ ಅನ್ನಿಸಿತು. ನಾನು ಒಹಾಯೊದಲ್ಲಿದ್ದೇನೆ. ನಮ್ಮ ಬೇಸ್‌ಮೆಂಟಿನಲ್ಲಿ ಎರಡು ಹಳೇ ಕಲರ್ ಸೆಟ್ ಇವೆ, ಒಂದು ಓಡುತ್ತದೆ, ಇನ್ನೊಂದು ಓಡುವುದಿಲ್ಲ. ಜೊತೆಗೆ ಒಂದು ಡಬ್ಬದ ತುಂಬ ಟಿವಿ ಕಂಪನಿಗಳು ಪತ್ರಿಕೆಗಳಿಗೆ ಕಳಿಸುತ್ತಿದ್ದ ಪ್ರಚಾರದ ಫೋಟೋಗಳಿವೆ. ಸೆಟ್‌ಗಳಿಗೆ ಸುರಿದ ದುಡ್ಡು ಲೆಕ್ಕ ಇಟ್ಟಿಲ್ಲ, ಇಟ್ಟರೆ ಮನೆಯಲ್ಲಿ ಗೊತ್ತಾಗುತ್ತದೆ.

ಮೊದಲು ನಿಮಗೇ ಒಂದು ಪ್ರಶ್ನೆ ಹಾಕಿಕೊಳ್ಳಿ. ಆ ಟಿವಿ ಓಡಬೇಕಾ, ಸುಮ್ನೆ ಹಾಲ್‌ನಲ್ಲಿ ಕೂತಿದ್ದರೆ ಸಾಕಾ, ಅಥವಾ ಆ ಕಾಲದ ಒಂದು ತುಣುಕು ಕೈಯಲ್ಲಿದ್ದರೆ ಸಾಕಾ? ಇದಕ್ಕೆ ಉತ್ತರ ಸಿಗದೆ ಬೆಲೆ ನೋಡಲು ಹೋದರೆ ಕೈ ಸುಟ್ಟುಕೊಳ್ಳುತ್ತೀರಿ. ಎರಡನೆಯದು ಜಾಗ, ಅದರಲ್ಲೂ ಮೆಟ್ಟಿಲು. ಈ ಸೆಟ್‌ಗಳು ಎಪ್ಪತ್ತು ಕೆಜಿ ಮೇಲೆ ತೂಗುತ್ತವೆ, ಇಬ್ಬರು ಗಟ್ಟಿಮುಟ್ಟಾದವರು ಬೇಕು. ಮೂರನೆಯದು ಪಿಕ್ಚರ್ ಟ್ಯೂಬ್, ಅಂದರೆ ಚಿತ್ರ ಮೂಡಿಸುವ ದೊಡ್ಡ ಬುರುಡೆ, ಅದರ ಮುಂಭಾಗವೇ ಪರದೆ. ಇದೊಂದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಹಳೇ ಕಲರ್ ಟಿವಿ ಕೊಳ್ಳುವುದೆಂದರೆ ಪಿಕ್ಚರ್ ಟ್ಯೂಬ್ ಕೊಳ್ಳುವುದು, ಮಿಕ್ಕಿದ್ದೆಲ್ಲ ಅದರ ಜೊತೆ ಬರುವ ಮರ ಮತ್ತು ತಂತಿ. ವಿದ್ಯುತ್ತು ಹಿಡಿದಿಡುವ ಕಪಾಸಿಟರ್ ಹೊಸದು ಸಿಗುತ್ತದೆ, ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ಕೊಳವೆಗಳಾದ ವಾಲ್ವ್‌ಗಳು ಈಗಲೂ ಸಿಗುತ್ತವೆ, ಕ್ಯಾಬಿನೆಟ್ಟಿಗೆ ಪಾಲಿಶ್ ಹೊಡೆಯಬಹುದು. ಪಿಕ್ಚರ್ ಟ್ಯೂಬ್ ಹೋದರೆ ಹೋಯಿತು. ಅದನ್ನು ರಿಪೇರಿ ಮಾಡಿಕೊಡುತ್ತಿದ್ದ ಅಂಗಡಿಗಳು ಒಂದೊಂದಾಗಿ ಮುಚ್ಚಿಹೋದವು. ನಾಲ್ಕನೆಯದು ಕೆಲಸ ಗೊತ್ತಿರುವವರು ಯಾರು ಅನ್ನುವುದು. ನೀವೇನಾ, ಪರಿಚಯದವರಾ? ಯಾರೂ ಇಲ್ಲ ಅಂದರೆ ಓಡುವ ಸೆಟ್‌ನ ಆಸೆ ಬಿಡಿ. ದುಡ್ಡಿನ ಮಾತನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಸೆಟ್‌ನ ಬೆಲೆಗಿಂತ ಸಾಗಣೆ, ಬಿಡಿಭಾಗ, ಉಪಕರಣ ಇವೇ ಜಾಸ್ತಿಯಾಗುತ್ತವೆ. ಮೂಗಿಗಿಂತ ಮೂಗುತಿ ಭಾರ.

1954ರ ಹದಿನೈದು ಇಂಚು

ಎಲ್ಲರೂ ಮೊದಲು ಕೇಳುವುದು ಇದನ್ನೇ. ಆರ್‌ಸಿಎ ಅನ್ನುವ ಅಮೆರಿಕದ ಟಿವಿ ಕಂಪನಿಯ ಸಿಟಿ-100 ಮಾಡೆಲ್. ಇಂಡಿಯಾನಾದ ಬ್ಲೂಮಿಂಗ್ಟನ್ ಫ್ಯಾಕ್ಟರಿಯಲ್ಲಿ 1954ರ ಮಾರ್ಚ್ 25ರಂದು ಇದರ ತಯಾರಿಕೆ ಶುರುವಾಯಿತು. ಅದಕ್ಕೆ ಮೂರು ತಿಂಗಳ ಹಿಂದೆ, 1953ರ ಡಿಸೆಂಬರ್ 17ಕ್ಕೆ, ಅಮೆರಿಕದ ಸರ್ಕಾರಿ ಆಯೋಗ ಈಗ ನಾವು ಎನ್‌ಟಿಎಸ್‌ಸಿ ಅನ್ನುವ ಕಲರ್ ಪದ್ಧತಿಗೆ ಒಪ್ಪಿಗೆ ಕೊಟ್ಟಿತ್ತು. ಬೆಲೆ 1,000 ಡಾಲರ್. ಆಗ ಒಂದು ಸಾಧಾರಣ ಹೊಸ ಕಾರಿನ ಬೆಲೆಯ ಅರ್ಧಕ್ಕೂ ಮೇಲೆ. ಇದಕ್ಕಿಂತ ಕೆಲವು ವಾರ ಮುಂಚೆಯೇ ವೆಸ್ಟಿಂಗ್‌ಹೌಸ್ ತನ್ನ ಸೆಟ್ ಅನ್ನು 1,295 ಡಾಲರಿಗೆ ಅಂಗಡಿಗೆ ಬಿಟ್ಟಿತ್ತು, ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಸಿಟಿ-100 ಕೂಡ ಅಷ್ಟೆ. ಅದೇ ವರ್ಷ ಆಗಸ್ಟ್ ಹೊತ್ತಿಗೆ ಬೆಲೆಯನ್ನು 495 ಡಾಲರಿಗೆ ಇಳಿಸಿದರು. ಏಪ್ರಿಲ್‌ನಲ್ಲಿ ಸಾವಿರ ಕೊಟ್ಟು ತಂದವರ ಮುಖ ನೆನೆಸಿಕೊಳ್ಳಿ.

ಇದರ ಚೆಂದ ಏನು ಅಂದರೆ ಚಿತ್ರವೇ. ಒಳಗಿರುವ 15ಜಿಪಿ22 ಅನ್ನುವ ಪಿಕ್ಚರ್ ಟ್ಯೂಬಿನಲ್ಲಿ ಬಣ್ಣದ ಚುಕ್ಕಿಗಳನ್ನು ಮುಂದಿನ ಉಬ್ಬು ಗಾಜಿನ ಮೇಲೆ ಬಳಿದಿಲ್ಲ. ಒಳಗೆ ಬೇರೆಯದೇ ಒಂದು ಚಪ್ಪಟೆ ಗಾಜಿನ ಹಲಗೆ ಇದೆ, ಚುಕ್ಕಿಗಳು ಅದರ ಮೇಲಿವೆ. ಹಾಗಾಗಿ ಚಿತ್ರ ಗಾಜಿನ ಹಿಂದೆ ಸ್ವಲ್ಪ ಆಳದಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ, ಅಕ್ವೇರಿಯಂ ಒಳಗೆ ನೋಡಿದ ಹಾಗೆ. ಕೆಂಪು ಗಾಢ, ಹಸಿರು ಗಾಢ. ಆದರೆ ಬೆಳಕು ಮಂಕು, ದೀಪ ಆರಿಸಿಯೇ ನೋಡಬೇಕು. ಸಿಗ್ನಲ್ಲಿನಲ್ಲಿ ಬರುವ ಬಣ್ಣದ ಮಾಹಿತಿಯನ್ನೆಲ್ಲ ಪೂರ್ತಿ ಬಳಸುವ ಸರ್ಕ್ಯೂಟ್ ಇದರಲ್ಲಿದೆ. ಆಮೇಲೆ ಬಂದ ಸೆಟ್‌ಗಳು ಖರ್ಚು ಉಳಿಸಲು ಅದನ್ನು ಮೊಟಕು ಮಾಡಿದವು.

ಇನ್ನು ತೊಂದರೆ. ಆ ಟ್ಯೂಬಿನ ಮುಂಭಾಗ ಹಿಂಭಾಗ ಎರಡನ್ನೂ ಕೂಡಿಸುವ ಲೋಹದ ಬಳೆಯಿದೆಯಲ್ಲ, ಅಲ್ಲಿ ಕಾಲಕ್ರಮೇಣ ಗಾಳಿ ಒಳಗೆ ಸೇರಿಕೊಳ್ಳುತ್ತದೆ. ಯಾರೂ ಮುಟ್ಟದೆ ಮೂಲೆಯಲ್ಲಿ ಇಟ್ಟಿದ್ದರೂ ಸೇರಿಕೊಳ್ಳುತ್ತದೆ. ಗಾಳಿ ಸೇರಿದರೆ ಟ್ಯೂಬ್ ಸತ್ತ ಹಾಗೆ. ಹಾಗಾಗಿ ಇವತ್ತು ಮಾರಾಟಕ್ಕೆ ಬರುವ ಸಿಟಿ-100ಗಳಲ್ಲಿ ಟ್ಯೂಬ್ ಸತ್ತಿರುವುದೇ ಜಾಸ್ತಿ. ಟ್ಯೂಬ್ ಬದುಕಿದ್ದರೆ ಸೆಟ್‌ನ ಬೆಲೆ ಸಾವಿರಾರು ಡಾಲರ್. ಸತ್ತಿದ್ದರೂ ಅಗ್ಗವೇನಲ್ಲ, ಯಾಕೆಂದರೆ ಇದು ಹೆಸರುವಾಸಿ ಸೆಟ್. ಮೂವತ್ತಾರು ವಾಲ್ವ್‌ಗಳ ಚಾಸಿಯನ್ನು, ಅಂದರೆ ಬಿಡಿಭಾಗಗಳೆಲ್ಲ ಕೂತಿರುವ ಲೋಹದ ಚೌಕಟ್ಟನ್ನು, ಸರಿಪಡಿಸಲು ಒಂದು ಚಳಿಗಾಲ ಪೂರ್ತಿ ಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಇದನ್ನು ಕೊಳ್ಳಬೇಡಿ, ಹೋಗಿ ನೋಡಿ. ಒಹಾಯೊದ ಕೊಲಂಬಸ್ ಪಕ್ಕದ ಹಿಲಿಯಾರ್ಡ್‌ನಲ್ಲಿ ಹಳೇ ಟಿವಿಗಳದ್ದೇ ಒಂದು ಮ್ಯೂಸಿಯಂ ಇದೆ, ಅರ್ಲಿ ಟೆಲಿವಿಷನ್ ಮ್ಯೂಸಿಯಂ. ತೆರೆದಿರುವ ದಿನ ವಿಚಾರಿಸಿಕೊಂಡು ಹೋಗಿ. ಅಲ್ಲಿ ಒಂದು ಮಧ್ಯಾಹ್ನ ಕಳೆದರೆ ನಿಮಗೆ ನಿಜವಾಗಿ ಯಾವುದರ ಮೇಲೆ ಆಸೆ ಅನ್ನುವುದು ಗೊತ್ತಾಗಿಬಿಡುತ್ತದೆ.

ಇದಕ್ಕಿಂತ ಹಳೆಯದು ಬೇಕು ಅನ್ನುವವರಿಗೆ ಸಿಬಿಎಸ್ ಅನ್ನುವ ಪ್ರಸಾರ ಕಂಪನಿಯ ತಿರುಗುವ ಚಕ್ರದ ಪದ್ಧತಿಯೂ ಇತ್ತು. ಪರದೆಯ ಮುಂದೆ ಬಣ್ಣದ ಫಿಲ್ಟರ್‌ಗಳ ಚಕ್ರ ಮೋಟರಿನಿಂದ ತಿರುಗುತ್ತಿತ್ತು. 1951ರ ಜೂನ್‌ನಲ್ಲಿ ಪ್ರಸಾರ ಶುರುವಾಗಿ ಅಕ್ಟೋಬರ್‌ಗೆ ನಿಂತುಹೋಯಿತು. ಮನೆಯಲ್ಲಿದ್ದ ಕಪ್ಪುಬಿಳುಪು ಸೆಟ್‌ಗಳಲ್ಲಿ ಆ ಕಾರ್ಯಕ್ರಮ ಕಾಣುತ್ತಲೇ ಇರಲಿಲ್ಲ. ಆ ಸೆಟ್ ನಿಮಗೆ ಸಿಗುವುದಿಲ್ಲ, ಮುಂದೆ ಹೋಗೋಣ.

ಇಪ್ಪತ್ತೊಂದು ಇಂಚು, 1954ರ ಕೊನೆಯಿಂದ 1960

ಹದಿನೈದು ಇಂಚಿನ ಚಿಕ್ಕ ಚಿತ್ರಕ್ಕೆ ಜನ ಸಾವಿರ ಡಾಲರ್ ಕೊಡುವುದಿಲ್ಲ ಅಂತ ತಿಳಿದ ಮೇಲೆ ಅದೇ ವರ್ಷದ ಕೊನೆಗೆ ಇಪ್ಪತ್ತೊಂದು ಇಂಚಿನ ಗುಂಡನೆಯ ಟ್ಯೂಬ್ ಬಂತು. ಮೊದಲನೆಯದು 21ಎಎಕ್ಸ್‌ಪಿ22. ಇದರ ಹಿಂಭಾಗದ ಶಂಕು ಗಾಜಿನದಲ್ಲ, ಲೋಹದ್ದು. ಆ ಲೋಹದ ಮೇಲೆ ಸುಮಾರು ಇಪ್ಪತ್ತೈದು ಸಾವಿರ ವೋಲ್ಟ್ ಕೂತಿರುತ್ತದೆ, ಮೇಲೆ ಒಂದು ಪ್ಲಾಸ್ಟಿಕ್ ಹೊದಿಕೆ ಅಷ್ಟೆ. ಅರವತ್ತು ಎಪ್ಪತ್ತು ವರ್ಷದ ಪ್ಲಾಸ್ಟಿಕ್ ಮೇಲೆ ಎಷ್ಟು ನಂಬಿಕೆ ಇಡಬೇಕು ನೀವೇ ಹೇಳಿ. ಅನುಭವ ಇಲ್ಲದವರು ಇದನ್ನು ಮುಟ್ಟಲೇಬಾರದು. ಆಮೇಲೆ ಬಂದ 21ಸಿವೈಪಿ22 ಪೂರ್ತಿ ಗಾಜಿನದು, ಆ ಭಯ ಇಲ್ಲ.

ಆರ್‌ಸಿಎ ತನ್ನ ಚಾಸಿಗಳಿಗೆ ಸಿಟಿಸಿ ಅಂತ ಹೆಸರು ಕೊಟ್ಟು ನಂಬರ್ ಹಾಕುತ್ತಿತ್ತು. 1955ರ ಸಿಟಿಸಿ-4, 1956ರ ಸಿಟಿಸಿ-5, ಆಮೇಲೆ ಸಿಟಿಸಿ-7, ಸಿಟಿಸಿ-9 ಹೀಗೆ. ಸಿಟಿಸಿ-5ರಲ್ಲಿ ಎಲ್ಲಕ್ಕಿಂತ ಅಗ್ಗದ ಮಾಡೆಲ್ ಶುರುವಿನಲ್ಲೇ 495 ಡಾಲರಿಗೆ ಬಂತು, ಒಳಗೆ ಕಾಸಿಗೆ ತಕ್ಕ ಕಜ್ಜಾಯ. ಆಯ್ಕೆ ಮಾಡುವುದಾದರೆ ನಾನು ಸಿಟಿಸಿ-7 ಅಥವಾ ಸಿಟಿಸಿ-9 ಹುಡುಕುತ್ತೇನೆ. ಐವತ್ತರ ದಶಕದ ನೋಟವೂ ಇರುತ್ತದೆ, ಕೈಲಿ ಆಗುವ ಕೆಲಸವೂ ಇರುತ್ತದೆ. ಆದರೆ ಇವು ಕಡಿಮೆ ಮಾರಾಟವಾದ ಕಾಲದ ಸೆಟ್‌ಗಳು, ಕಣ್ಣಿಗೆ ಬೀಳುವುದೇ ಅಪರೂಪ. ಕಾಯುವ ತಾಳ್ಮೆ ಇರುವವರಿಗೆ ಮಾತ್ರ.

1961ರಿಂದ 1966ರ ಗುಂಡು ಪರದೆ

ಓಡುವ ಸೆಟ್ಟೇ ಬೇಕು ಅಂತ ಹಟ ಇದ್ದರೆ ಇಲ್ಲಿಗೆ ಬನ್ನಿ. 1961ರಲ್ಲಿ ಎನ್‌ಬಿಸಿ ಅನ್ನುವ ಪ್ರಸಾರ ಕಂಪನಿ ಕಲರ್ ಕಾರ್ಯಕ್ರಮ ಹೆಚ್ಚಿಸಿತು, ಆಗ ಎನ್‌ಬಿಸಿಯ ಮಾಲೀಕರು ಆರ್‌ಸಿಎಯವರೇ ತಾನೇ, ಕಾರ್ಯಕ್ರಮ ಹೆಚ್ಚಾದರೆ ಸೆಟ್ ಮಾರಾಟವೂ ಹೆಚ್ಚು. ಅದೇ ಹೊತ್ತಿಗೆ ಇನ್ನೊಂದು ಟಿವಿ ಕಂಪನಿ ಜೆನಿತ್ ಕೂಡ ಕಲರ್‌ಗೆ ಇಳಿಯಿತು. ಹಾಗಾಗಿ ಈ ಕಾಲದ ಸೆಟ್‌ಗಳು ಲಕ್ಷಗಟ್ಟಲೆ ತಯಾರಾದವು, ಬಿಡಿಭಾಗ ಸಿಗುತ್ತವೆ, ರಿಪೇರಿ ಪುಸ್ತಕ ಸಿಗುತ್ತವೆ, ತಪ್ಪು ಮಾಡಿದರೆ ಕೇಳಲು ಅನುಭವಸ್ಥರೂ ಸಿಗುತ್ತಾರೆ. ಅಜ್ಜಿ ಮನೆ ಖಾಲಿ ಮಾಡುವವರು ಎತ್ತಿಕೊಂಡು ಹೋದರೆ ಸಾಕು ಅಂತ ಸುಮ್ನೆ ಕೊಟ್ಟಿದ್ದನ್ನೂ ನೋಡಿದ್ದೇನೆ, ನೂರಿನ್ನೂರು ಡಾಲರ್ ಕೇಳಿದ್ದನ್ನೂ ನೋಡಿದ್ದೇನೆ.

ಆರ್‌ಸಿಎದಲ್ಲಿ ಸಿಟಿಸಿ-11ರಿಂದ ಸಿಟಿಸಿ-16ರವರೆಗಿನವು, ಅಥವಾ ಅದೇ ಕಾಲದ ಜೆನಿತ್. ಎರಡರಲ್ಲಿ ಯಾವುದು ಅನ್ನುವ ಜಗಳ ಇಲ್ಲಿನ ಹವ್ಯಾಸಿಗಳಲ್ಲಿ ಇನ್ನೂ ಮುಗಿದಿಲ್ಲ. ಜೆನಿತ್‌ನವರು ಪ್ರಿಂಟೆಡ್ ಬೋರ್ಡ್ ಬಳಸದೆ ಎಲ್ಲವನ್ನೂ ಕೈಯಿಂದಲೇ ವೈರಿಂಗ್ ಮಾಡುತ್ತಿದ್ದರು, ಅದನ್ನೇ ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತಿದ್ದರು. ರಿಪೇರಿ ಮಾಡುವವನಿಗೆ ಅದು ನಿಜವಾಗಿಯೂ ಅನುಕೂಲ, ಬಿಸಿಗೆ ಸುಟ್ಟು ಕರಕಲಾದ ಬೋರ್ಡಿನ ಜೊತೆ ಗುದ್ದಾಡಬೇಕಿಲ್ಲ. ಹೊಸಬರಿಗೆ ನಾನು ಜೆನಿತ್ ಅನ್ನುತ್ತೇನೆ. ನನ್ನ ಮನೆಯಲ್ಲಿ ಓಡುತ್ತಿರುವುದು ಆರ್‌ಸಿಎ, ಅದು ಬೇರೆ ಮಾತು.

ನೋಡಲು ಹೋದಾಗ ಒಂದು ಟಾರ್ಚ್ ಇಟ್ಟುಕೊಳ್ಳಿ. ಪರದೆಯ ಅಂಚಿನಲ್ಲಿ ಬೆಳ್ಳಗೆ ಗುಳ್ಳೆ ಗುಳ್ಳೆಯಾಗಿ ಹಬ್ಬಿದೆಯಾ ನೋಡಿ. ಅರವತ್ತರ ದಶಕದ ಟ್ಯೂಬ್‌ಗಳಲ್ಲಿ ರಕ್ಷಣೆಯ ಗಾಜನ್ನು ಅಂಟು ಹಾಕಿ ಮುಂದೆ ಕೂರಿಸಿದ್ದರು, ಆ ಅಂಟು ಕೆಟ್ಟರೆ ವಯಸ್ಸಾದವರ ಕಣ್ಣಿಗೆ ಪೊರೆ ಬಂದ ಹಾಗೆ ಕಾಣುತ್ತದೆ. ತೆಗೆಯಬಹುದು, ಕೆಲವರು ತೆಗೆಯುತ್ತಾರೆ, ಅಪಾಯದ ಕೆಲಸ. ಪೊರೆ ಇದೆ ಅಂದ ಮಾತ್ರಕ್ಕೆ ಬೇಡ ಅನ್ನಬೇಕಿಲ್ಲ, ಬೆಲೆ ಇಳಿಸಿ ಅನ್ನಿ. ಪಿಕ್ಚರ್ ಟ್ಯೂಬ್ ಟೆಸ್ಟರ್ ಇರುವ ಗೆಳೆಯನನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಟ್ಯೂಬಿನೊಳಗೆ ಪರದೆಯತ್ತ ಎಲೆಕ್ಟ್ರಾನ್ ಹಾರಿಸುವ ಕೆಂಪು, ಹಸಿರು, ನೀಲಿ ಮೂರು ಗನ್ನೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. ಒಂದು ಪೂರ್ತಿ ಸೋತಿದ್ದರೆ ಎಷ್ಟೇ ಅಡ್ಜಸ್ಟ್ ಮಾಡಿದರೂ ಬಿಳಿ ಬಣ್ಣ ಬಿಳಿಯಾಗಿ ಕಾಣುವುದಿಲ್ಲ. 1964ರ ನಂತರ ಯುರೋಪಿಯಂ ಅನ್ನುವ ಲೋಹ ಬೆರೆಸಿದ ಕೆಂಪು ರಂಜಕ (ಪರದೆಯ ಒಳಗೆ ಬಳಿಯುವ, ಬೆಳಕು ಕೊಡುವ ಪುಡಿ) ಬಂತು, ಅದಕ್ಕೂ ಮುಂಚೆ ಕೆಂಪೇ ಬಡವ, ಅದರ ಸಮಕ್ಕೆ ಮಿಕ್ಕ ಎರಡು ಬಣ್ಣವನ್ನೂ ತಗ್ಗಿಸಬೇಕಿತ್ತು. ಬೆಳಕಿರುವ ಕೋಣೆಯಲ್ಲಿ ನೋಡುವ ಆಸೆ ಇದ್ದರೆ ಹೊಸ ರಂಜಕದ ಟ್ಯೂಬ್ ಹಾಕಿದ ಸೆಟ್ ಹುಡುಕಿ.

ದಯವಿಟ್ಟು, ಮನೆಗೆ ತಂದ ತಕ್ಷಣ ಪ್ಲಗ್ ಹಾಕಬೇಡಿ. ನಾನು ಹಾಕಿದೆ. ನನ್ನ ಮೊದಲ ಸೆಟ್ ಕೊಟ್ಟ ಮನೆಯವರು, ಹೋದ ಸಲ ಹಾಕಿದಾಗ ಓಡುತ್ತಿತ್ತು ಅಂದರು. ಆ ಹೋದ ಸಲ ಎಷ್ಟು ವರ್ಷದ ಹಿಂದೆ ಅಂತ ನಾನೂ ಕೇಳಲಿಲ್ಲ. ಸ್ವಿಚ್ ತಿರುಗಿಸಿದೆ, ಗುಂಯ್ ಅಂತ ಶಬ್ದ ಬಂತು, ಅರ್ಧ ನಿಮಿಷಕ್ಕೆ ಮೇಣ ಕಾಯಿಸಿದ ವಾಸನೆ, ಆಮೇಲೆ ಹಿಂದಿನ ತೂತುಗಳಿಂದ ತೆಳ್ಳನೆ ಹೊಗೆ. ಒಣಗಿಹೋದ ಕಪಾಸಿಟರ್ ಒಂದು ತಾನು ಕೆಟ್ಟಿದ್ದಲ್ಲದೆ ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕಿತ್ತು. ಕಪಾಸಿಟರ್ ಒಂದೆರಡು ಡಾಲರ್, ಆ ಟ್ರಾನ್ಸ್‌ಫಾರ್ಮರ್ ಹುಡುಕಲು ಏಳು ತಿಂಗಳು. ಓಡದೆ ಕೂತಿರುವುದು ಅದೇ ಸೆಟ್, ಸಿಕ್ಕ ಟ್ರಾನ್ಸ್‌ಫಾರ್ಮರ್ ಬೇರೆ ಮಾಡೆಲ್ಲಿನದಾಗಿತ್ತು. ಕಾಗದದ ಕಪಾಸಿಟರ್, ಎಲೆಕ್ಟ್ರೊಲಿಟಿಕ್ ಕಪಾಸಿಟರ್ ಎಲ್ಲ ಬದಲಾಯಿಸಿ, ಆಮೇಲೆ ವೋಲ್ಟೇಜ್ ಮೆಲ್ಲಗೆ ಏರಿಸಬೇಕು. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ, ಅದನ್ನು ಇಳಿಸದೆ ಒಳಗೆ ಕೈ ಹಾಕಬಾರದು. ಹೈವೋಲ್ಟೇಜ್ ಭಾಗದ ಲೋಹದ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು ಸೆಟ್ ಓಡಿಸಬೇಡಿ. 1967ರಲ್ಲಿ ದೊಡ್ಡ ಪರದೆಯ ಕೆಲವು ಕಲರ್ ಸೆಟ್‌ಗಳಿಂದ ಎಕ್ಸ್-ರೇ ಹೆಚ್ಚಾಗಿ ಸೋರುತ್ತಿದೆ ಅಂತ ಗೊತ್ತಾಗಿ, ಮರುವರ್ಷ ಅಮೆರಿಕದಲ್ಲಿ ಅದಕ್ಕೊಂದು ಕಾನೂನೇ ಬಂತು.

ಆಮೇಲೆ ಸಿಗ್ನಲ್ಲು. ಅಮೆರಿಕದ ದೊಡ್ಡ ಸ್ಟೇಷನ್‌ಗಳೆಲ್ಲ 2009ರ ಜೂನ್ 12ಕ್ಕೆ ಹಳೇ ಅನಲಾಗ್ ಪ್ರಸಾರ ನಿಲ್ಲಿಸಿದವು. ಈಗ ಎಚ್‌ಡಿಎಂಐಯಿಂದ ಹಳದಿ ಪಿನ್ನಿನ ವೀಡಿಯೊಗೆ ಇಳಿಸುವ ಪುಟ್ಟ ಡಬ್ಬ, ಅದರಿಂದ ಮೂರನೇ ಅಥವಾ ನಾಲ್ಕನೇ ಚಾನೆಲ್‌ಗೆ ಹಾಕುವ ಮಾಡ್ಯುಲೇಟರ್, ಅದರಿಂದ ಸೆಟ್‌ನ ಬೆನ್ನಿನ ಎರಡು ಸ್ಕ್ರೂಗೆ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್. ಇಷ್ಟು ಹಾಕಿದರೆ ಯೂಟ್ಯೂಬ್ ಕೂಡ ಓಡುತ್ತದೆ. ನಮ್ಮ ಮನೆಯಲ್ಲಿ ಯುಗಾದಿ ದಿನ ಅದರಲ್ಲಿ ಊರಿನ ವೀಡಿಯೊ ಹಾಕಿದ್ದೆ, ಮಾವಿನ ತೋರಣ ನೀಲಿಯಾಗಿ ಕಂಡಿತು. ಹ್ಯೂ ಗುಂಡಿ ತಿರುಗಿಸಿದೆ, ತೋರಣ ಹಸಿರಾಯಿತು, ಎಲ್ಲರ ಮುಖವೂ ಹಸಿರಾಯಿತು.

ಬೆಂಗಳೂರಿಗೆ ಒಯ್ಯುವ ಆಲೋಚನೆ ಇದ್ದರೆ ಬಿಟ್ಟುಬಿಡಿ. 230 ವೋಲ್ಟ್ ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಅದು ಹೇಗೋ ಆಗುತ್ತದೆ ಅನ್ನಿ, ಆದರೆ 60 ಹರ್ಟ್ಸ್‌ಗೆ ಮಾಡಿದ ಒಳಗಿನ ಪವರ್ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಹಳೇ ಎಲೆಕ್ಟ್ರಾನಿಕ್ ಮಾಲು ತರಿಸುವುದಕ್ಕೆ ಕಸ್ಟಮ್ಸ್ ನಿಯಮಗಳು ಬೇರೆ. ಎಲ್ಲ ದಾಟಿ ಬಂದ ಮೇಲೆ ಟ್ಯೂಬಿನ ಕುತ್ತಿಗೆ ಮುರಿದಿರುತ್ತದೆ. ನನಗೆ ಒಹಾಯೊ ಒಳಗಡೆಯೇ ಒಂದು ಹಾಗೆ ಬಂತು, ಸಾಗಿಸಿದವರು ಪೆಟ್ಟಿಗೆಯ ಮೇಲಿನ ಬಾಣದ ಗುರುತು ನೋಡಿರಲೇ ಇಲ್ಲ.

ಇನ್ನು ಫೋಟೋ

ಈಗ ನನಗೆ ಇಷ್ಟವಾದ ಭಾಗಕ್ಕೆ ಬಂದೆ. ಕಲರ್ ಟಿವಿ ಮಾರಲು ಕಂಪನಿಗಳು ಪತ್ರಿಕೆಗಳಿಗೆ ರಾಶಿ ರಾಶಿ ಫೋಟೋ ಕಳಿಸುತ್ತಿದ್ದವು. ಎಂಟು ಇಂಚು ಅಗಲ, ಹತ್ತು ಇಂಚು ಉದ್ದ, ಮಿರಮಿರ ಹೊಳೆಯುವ ಕಾಗದ, ಬೆನ್ನಿಗೆ ಟೈಪ್ ಮಾಡಿದ ವಿವರದ ಚೀಟಿ. ತಮಾಷೆ ಗೊತ್ತಾ? ಬಣ್ಣದ ಟಿವಿಯ ಈ ಫೋಟೋಗಳು ಬಹುಪಾಲು ಕಪ್ಪುಬಿಳುಪು. ಯಾಕೆಂದರೆ ಪತ್ರಿಕೆಗಳು ಅಚ್ಚಾಗುತ್ತಿದ್ದದ್ದೇ ಕಪ್ಪುಬಿಳುಪಿನಲ್ಲಿ. ಆಮೇಲೆ ಪತ್ರಿಕೆಗಳು ತಮ್ಮ ಫೋಟೋ ಸಂಗ್ರಹಗಳನ್ನು ಮಾರಿಬಿಟ್ಟವು, ಅವೇ ಈಗ ಇಬೇಯಲ್ಲಿ ಬರುತ್ತವೆ. ನಾನು ಹತ್ತರಿಂದ ನಲವತ್ತು ಡಾಲರ್ ಒಳಗೆ ಕೊಂಡಿದ್ದೇ ಜಾಸ್ತಿ. ಆರ್‌ಸಿಎದ್ದು ಎಲ್ಲಕ್ಕಿಂತ ಹೆಚ್ಚು ಸಿಗುತ್ತದೆ, ಎಲ್ಲರಿಗಿಂತ ಜಾಸ್ತಿ ತಮಟೆ ಹೊಡೆದವರು ಅವರೇ.

ಇದರಲ್ಲೂ ಬಗೆಗಳಿವೆ. ಸೆಟ್ ಪಕ್ಕ ನಗುತ್ತ ನಿಂತ ಹೆಂಗಸು, ಇದು ಗೋಡೆಗೆ ಚೆಂದ. ಪಿಕ್ಚರ್ ಟ್ಯೂಬನ್ನು ಮಗುವಿನ ಹಾಗೆ ಎತ್ತಿ ಹಿಡಿದ ಎಂಜಿನಿಯರು, ಇದು ಇತಿಹಾಸದ ಆಸಕ್ತಿ ಇರುವವರಿಗೆ. ಫ್ಯಾಕ್ಟರಿಯೊಳಗಿನ ಸಾಲು, ಇದು ನನಗೆ. ನನ್ನ ಹತ್ತಿರ ಇರುವ ಒಂದರಲ್ಲಿ ಹೆಂಗಸರು ಸಾಲಾಗಿ ಕೂತು ಚಾಸಿಗೆ ತಂತಿ ಬೆಸೆಯುತ್ತಿದ್ದಾರೆ. ಒಬ್ಬಾಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಿದ್ದಾಳೆ. ಇನ್ನೊಬ್ಬಾಕೆಯ ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿದೆ, ಸುಟ್ಟಿರಬೇಕು. ಹಿಂದುಗಡೆ ಸೆಟ್ ಎದುರು ಒಂದು ಕನ್ನಡಿ ನಿಲ್ಲಿಸಿದ್ದಾರೆ. ಸೆಟ್‌ನ ಬೆನ್ನ ಹಿಂದೆ ನಿಂತು ತಿರುಪು ತಿರುಗಿಸುವವನಿಗೆ ಪರದೆ ಕಾಣಬೇಕಲ್ಲ, ಅದಕ್ಕೆ. ನಾನೂ ಈಗ ಬೇಸ್‌ಮೆಂಟಿನಲ್ಲಿ ಹಳೇ ಡ್ರೆಸ್ಸಿಂಗ್ ಟೇಬಲ್ ಕನ್ನಡಿ ಇಟ್ಟುಕೊಂಡೇ ಕೆಲಸ ಮಾಡುವುದು.

ಈ ಫೋಟೋಗಳು ಸುಳ್ಳು ಹೇಳುತ್ತವೆ ಅನ್ನುವುದೂ ಗೊತ್ತಿರಲಿ. ಪರದೆಯ ಮೇಲೆ ಕಾಣುವ ಚಿತ್ರ ಹೆಚ್ಚಿನ ಸಲ ಪರದೆಯಿಂದ ಬಂದದ್ದಲ್ಲ, ಬೇರೆ ಫೋಟೋ ಕತ್ತರಿಸಿ ಅಂಟಿಸಿದ್ದು. ಸ್ಟುಡಿಯೋದ ದೀಪಗಳ ಬೆಳಕಿಗೆ ಆ ಕಾಲದ ಮಂಕು ಪರದೆ ಬೂದಿಯ ಹಾಗೆ ಕಾಣುತ್ತಿತ್ತು. ದೀಪ ಆರಿಸಿದರೆ ಕ್ಯಾಬಿನೆಟ್ಟು ಕಾಣುವುದಿಲ್ಲ. ಶಟರ್ ವೇಗ ಹೆಚ್ಚಿಸಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ, ಯಾಕೆಂದರೆ ಒಂದು ಪೂರ್ತಿ ಚಿತ್ರ ಬರೆಯಲು ಟಿವಿಗೆ ಸೆಕೆಂಡಿನ ಮೂವತ್ತನೇ ಒಂದು ಭಾಗ ಬೇಕು. ಅದಕ್ಕೇ ಕತ್ತರಿ, ಗೋಂದು, ಬ್ರಶ್ಶು. ಭೂತಗನ್ನಡಿ ಹಿಡಿದು ಪರದೆಯ ಅಂಚು ನೋಡಿ. ಅಡ್ಡಗೆರೆಗಳು ಕಂಡರೆ ನಿಜವಾದ ಚಿತ್ರ, ನುಣುಪಾಗಿದ್ದರೆ ಅಂಟಿಸಿದ್ದು. ಅಂಟಿಸಿದ್ದು ಅಂತ ಬೆಲೆ ಕಮ್ಮಿಯಾಗುವುದಿಲ್ಲ, ನನಗಂತೂ ಅದೇ ಇಷ್ಟ.

ಕೊಳ್ಳುವಾಗ ಮುಖಕ್ಕಿಂತ ಮೊದಲು ಬೆನ್ನು ನೋಡಿ. ಚೀಟಿ, ಪತ್ರಿಕೆಯ ದಿನಾಂಕದ ಮೊಹರು, ಸಂಪಾದಕರು ಎಷ್ಟು ಕಾಲಂ ಅಂತ ಗೀಚಿದ ಪೆನ್ಸಿಲ್ ಗುರುತು ಇದ್ದರೆ ಒಳ್ಳೆಯದು. ಬೆನ್ನು ಬರಿದಾಗಿದ್ದರೆ ಅನುಮಾನಪಡಿ. ಕಾಗದ ಪ್ಲಾಸ್ಟಿಕ್‌ನ ಹಾಗೆ ಜಾರುತ್ತಿದ್ದರೆ ಅದು 1954ರ ಪ್ರಿಂಟ್ ಆಗಿರಲು ಸಾಧ್ಯವೇ ಇಲ್ಲ, ಆ ಬಗೆಯ ಕಾಗದ ಬಂದದ್ದು ಅರವತ್ತರ ದಶಕದ ಕೊನೆಗೆ. ಕತ್ತಲಲ್ಲಿ ನೋಟು ಪರೀಕ್ಷೆ ಮಾಡುವ ನೀಲಿ ದೀಪ ಹಿಡಿದಾಗ ಕಾಗದ ಬಿಳಿ ಪಂಚೆಯ ಹಾಗೆ ಫಳಫಳ ಹೊಳೆದರೆ, ಅದು ಐವತ್ತರ ದಶಕದ ನಡುವಿನ ನಂತರದ್ದಿರಬಹುದು. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ, ಆದರೆ 1954 ಅಂತ ಹೇಳಿ ಜಾಸ್ತಿ ದುಡ್ಡು ಕೇಳುವವರ ಮುಂದೆ ಇದು ಉಪಯೋಗಕ್ಕೆ ಬರುತ್ತದೆ. ಭೂತಗನ್ನಡಿಯಲ್ಲಿ ಸಾಲು ಸಾಲು ಚುಕ್ಕಿ ಕಂಡರೆ ಅದು ಫೋಟೋನೇ ಅಲ್ಲ, ಯಾವುದೋ ಮ್ಯಾಗಝಿನ್ನಿನ ಹಾಳೆ. ಕಡು ಕಪ್ಪಿನ ಜಾಗದಲ್ಲಿ, ಅಂಚಿನಲ್ಲಿ, ಓರೆಯಾಗಿ ನೋಡಿದಾಗ ಬೆಳ್ಳಿಯ ಮಿನುಗು ಕಂಡರೆ ಹೆದರಬೇಡಿ, ವಯಸ್ಸಾದ ಪ್ರಿಂಟಿಗೆ ಅದು ಸಹಜ.

ಬಣ್ಣದ ಪ್ರಿಂಟ್ ಸಿಕ್ಕರೆ ಎರಡು ಸಲ ಯೋಚಿಸಿ. ಆ ಕಾಲದ ಬಣ್ಣದ ಪ್ರಿಂಟುಗಳು ಕೆಂಪಗೆ ತಿರುಗಿರುತ್ತವೆ. ಸ್ಲೈಡ್‌ಗಳಾದರೆ ಕೊಡಕ್ ಕಂಪನಿಯ ಕೊಡಕ್ರೋಮ್ ಫಿಲ್ಮಿನದು ಚೆನ್ನಾಗಿ ಉಳಿದಿರುತ್ತದೆ. ಪ್ರಿಂಟ್ ಕೊಂಡರೆ ಕಾಪಿರೈಟ್ ನಿಮ್ಮದಾಗುವುದಿಲ್ಲ ಅನ್ನುವುದನ್ನೂ ಮರೆಯಬೇಡಿ, ಪುಸ್ತಕದಲ್ಲಿ ಹಾಕಬೇಕೆಂದರೆ ಬೇರೆಯೇ ವಿಚಾರಿಸಬೇಕು. ಸುಮ್ನೆ ನೋಡಿದರೆ ಸಾಕು ಅನ್ನುವವರಿಗೆ ಖರ್ಚೇ ಇಲ್ಲ. ಪ್ರಿನ್ಸ್‌ಟನ್‌ನಲ್ಲಿದ್ದ ಆರ್‌ಸಿಎ ಪ್ರಯೋಗಾಲಯದ ಲೈಬ್ರರಿಯ ಸಂಗ್ರಹ ಈಗ ಡೆಲವೇರ್‌ನ ಹ್ಯಾಗ್ಲಿ ಲೈಬ್ರರಿಯಲ್ಲಿದೆ, ಅದರ ಫೋಟೋಗಳನ್ನು ಇಂಟರ್‌ನೆಟ್ಟಿನಲ್ಲೂ ಹಾಕಿದ್ದಾರೆ.

ಇಡುವುದು ಹೇಗೆ? ಲ್ಯಾಮಿನೇಶನ್ ಬೇಡವೇ ಬೇಡ. ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ, ಕಪಾಟಿನಲ್ಲಿ ಇಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಹೊರಗಿನ ಗೋಡೆಗೆ ತೂಗುಹಾಕಿದರೆ ಫ್ರೇಮಿನ ಒಳಗೇ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಬೇಕೇ ಬೇಕು ಅಂದರೆ ಒಳ್ಳೆಯ ಸ್ಕ್ಯಾನ್ ಮಾಡಿಸಿ ಅದರ ಪ್ರಿಂಟ್ ತೂಗುಹಾಕಿ, ಅಸಲನ್ನು ಒಳಗಿಡಿ.

ನಮ್ಮ ಊರಿನ ಕಲರ್ ಟಿವಿ?

ಬೆಂಗಳೂರಿನಲ್ಲಿರುವವರು ಇದನ್ನೂ ಕೇಳುತ್ತಾರೆ. ಭಾರತದಲ್ಲಿ ದೂರದರ್ಶನದ ಬಣ್ಣ ಬಂದದ್ದು 1982ರಲ್ಲಿ. ಆಗಸ್ಟ್ 15ರ ಪ್ರಸಾರ, ನವೆಂಬರ್‌ನ ದೆಹಲಿ ಏಷ್ಯನ್ ಗೇಮ್ಸ್. ಅಮೆರಿಕಕ್ಕಿಂತ ಇಪ್ಪತ್ತೆಂಟು ವರ್ಷ ತಡ, ಆದರೆ ನಮ್ಮ ಮಟ್ಟಿಗೆ ಮೊದಲನೆಯದು ಅದೇ. ಡಯನೋರಾ, ಸಾಲಿಡೇರ್, ಬಿಪಿಎಲ್ ಅಂದರೆ ನಮ್ಮ ವಯಸ್ಸಿನವರಿಗೆ ಮೈ ಜುಮ್ ಅನ್ನುತ್ತದೆ. ನೆನಪಿಗಾಗಿ ಬೇಕು ಅಂದರೆ ಖಂಡಿತ ಇಂಥದ್ದನ್ನು ಹುಡುಕಿ. 230 ವೋಲ್ಟಿಗೇ ಓಡುತ್ತದೆ, ಟ್ರಾನ್ಸಿಸ್ಟರ್ ಸೆಟ್ ಆದ್ದರಿಂದ ಹಳೇ ಟಿವಿ ಮೆಕ್ಯಾನಿಕ್‌ಗಳಿಗೆ ಇನ್ನೂ ಕೈ ಅಭ್ಯಾಸ ಇದೆ. ಎವಿ ಪಿನ್ ಇಲ್ಲದಿದ್ದರೆ ಮಾಡ್ಯುಲೇಟರ್ ಬೇಕು, ಅದನ್ನು ಭಾರತದ ಸೆಟ್‌ಗಳು ಬಳಸುವ ಪಾಲ್ ಅನ್ನುವ ಕಲರ್ ಪದ್ಧತಿಗೆ ಇಡಬೇಕು. ಈ ಸೆಟ್‌ಗಳನ್ನು ಜನ ಗುಜರಿಗೆ ಹಾಕಿದ್ದೇ ಹೆಚ್ಚು, ಹಾಗಾಗಿ ಚೆನ್ನಾಗಿರುವುದು ಕಂಡರೆ ಚೌಕಾಸಿ ಮಾಡುತ್ತ ಕೂರಬೇಡಿ.

ಯಾರಿಗೆ ಏನು ಹೇಳಿದೆ

ಎಡಿಸನ್ ಗೆಳೆಯನಿಗೆ: ಅರವತ್ತರ ದಶಕದ ಜೆನಿತ್, ಟ್ಯೂಬ್ ಟೆಸ್ಟ್ ಮಾಡಿಸಿದ್ದು, ಕಾರಿನಲ್ಲಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿರುವುದು. ಸೆಟ್‌ಗೆ ಮುನ್ನೂರು ಡಾಲರ್ ಮೀರಬೇಡ, ಅಷ್ಟನ್ನೇ ಬಿಡಿಭಾಗಕ್ಕೆ ತೆಗೆದಿಡು ಅಂದೆ. ಅವನಿಗೆ ಸಿಟಿ-100 ಮೇಲೆ ಕಣ್ಣು. ಮೊದಲು ಹಿಲಿಯಾರ್ಡ್‌ಗೆ ಬಾ, ನಮ್ಮ ಮನೆಯಲ್ಲೇ ಉಳಿದುಕೋ, ಆಮೇಲೆ ಮಾತಾಡೋಣ ಅಂದಿದ್ದೇನೆ.

ಕ್ಯಾಲಿಫೋರ್ನಿಯಾದ ಹುಡುಗಿಗೆ ಸೆಟ್ ಬೇಡ ಅಂದೆ. ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರು ಎಪ್ಪತ್ತು ಕೆಜಿ ಮರ ಹೊತ್ತು ತಿರುಗುವುದುಂಟಾ? ಅವಳಿಗೆ ಇಷ್ಟವಾಗಿದ್ದು ಕ್ಯಾಬಿನೆಟ್ಟಿನ ರೂಪ, ಅದು ಫೋಟೋದಲ್ಲಿ ಹೊಸದರ ಹಾಗೇ ಇದೆ, ಗೆರೆ ಇಲ್ಲದೆ, ಪಾಲಿಶ್ ಹೋಗದೆ. ಮೂರು ನಾಲ್ಕು ಪ್ರಚಾರದ ಫೋಟೋ, ಐವತ್ತರ ದಶಕದ ಒಂದು ಬಣ್ಣದ ಬ್ರೋಶರ್, ಎಲ್ಲ ಸೇರಿ ನೂರೈವತ್ತು ಡಾಲರ್ ದಾಟುವುದಿಲ್ಲ.

ಅಕ್ಕನ ಮಗನಿಗೂ ಫೋಟೋನೇ. ಒಂದೇ ಒಂದು, ಆದರೆ ಬೆನ್ನಿಗೆ ಚೀಟಿ ಇರುವುದು. ಮಾರುವವರಿಗೆ ಏನು ಬರೆಯಬೇಕು ಅಂತಲೂ ಹೇಳಿಕೊಟ್ಟೆ: ಬೆನ್ನಿನ ಚಿತ್ರ ಕಳಿಸಿ, ನಾಲ್ಕು ಮೂಲೆಯನ್ನು ಹತ್ತಿರದಿಂದ ತೆಗೆದು ಕಳಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಎರಡು ದಪ್ಪ ರಟ್ಟಿನ ನಡುವೆ ಪ್ಯಾಕ್ ಮಾಡಿ. ಮೊನ್ನೆ ಭಾನುವಾರ ಅವನ ಫೋನು. ಅಲ್ಲಿ ಬೆಳಗ್ಗೆ, ಇಲ್ಲಿ ಮಧ್ಯರಾತ್ರಿ.

"ಮಾಮ, ಬಂತು. ಅಂಚೆಚೀಟಿ ನೋಡೋ ಲೆನ್ಸ್ ಹಿಡಿದು ನೋಡ್ತಿದ್ದೀನಿ. ಪರದೆ ಮೇಲಿರೋ ಹೆಂಗಸಿನ ಕಿವಿ ಪಕ್ಕ ಕತ್ತರಿ ಸ್ವಲ್ಪ ಒಳಗೆ ಹೋಗಿಬಿಟ್ಟಿದೆ, ಓಲೆ ಅರ್ಧ ಇಲ್ಲ!"